ಉಳ್ಳಾರ್ತಿ ಕಾವಲಿನ ತೋಳ

ಸಾವಿರದ ಒಂಬೈನೂರ ಎಂಟರಲ್ಲಿ ನಾನು ಚಳ್ಳಕೆರೆಯಲ್ಲಿ ಪೊಲೀಸ್ ದಫೇದಾರನಾಗಿದ್ದೆ. ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಪಕ್ಕದ ಹಟ್ಟಿಯಿಂದ ತೋಳವೊಂದು ಎರಡು ಕೂಸುಗಳನ್ನು ಹೊತ್ತೊಯ್ದಿತ್ತು. ತನಿಖೆಗೆ ಹೋದರೆ, ಕುರಿ ಕಾಯುವ ಕ್ಯಾತಪ್ಪನೇ ತೋಳವಾಗುತ್ತಾನೆಂದು ಜನ ಅವನನ್ನು ಜಾಲಿಮರಕ್ಕೆ ಕಟ್ಟಿ, ಕೊಲ್ಲಲು ಕಲ್ಲು ಹಿಡಿದು ನಿಂತಿದ್ದರು. ನಾನು ಅಡ್ಡ ನಿಂತೆ. ಅಷ್ಟರಲ್ಲಿ, ನಡುಹಗಲಲ್ಲೇ, ಹುಲ್ಲಿನೊಳಗಿಂದ ತೋಳ ಎದ್ದು ಬಂತು. ನನ್ನ ಒಂದೇ ಗುಂಡಿಗೆ ಬಿತ್ತು.

“ನೋಡ್ರಪ್ಪಾ, ತೋಳ ಅಲ್ಲೈತೆ, ನನ್ ಗಂಡ ಇಲ್ಲವ್ನೆ!” ಎಂದು ಕ್ಯಾತಪ್ಪನ ಹೆಂಡತಿ ಚಿನ್ನಕ್ಕ ಅಳುತ್ತಲೇ ನಕ್ಕಳು. ಹಗ್ಗ ಬಿಚ್ಚಿದೆವು. ನನ್ನ ಎದೆಯೂ ಹಗುರಾಯಿತು. ಆಮೇಲೆ ಆ ಹಟ್ಟಿಯಲ್ಲಿ ಒಂದು ಕೂಸೂ ಕಾಣೆಯಾಗಲಿಲ್ಲ.

ಆದರೆ ಅವತ್ತು ತೋಳದ ಹತ್ತಿರ ಹೋದಾಗ ಹರಳೆಣ್ಣೆಯ ವಾಸನೆ ಬಂತು. ಬಗ್ಗಿ ನೋಡಿದೆ. ಅದರ ಎರಡೂ ಕಿವಿಗಳನ್ನು, ಕೂಸುಗಳಿಗೆ ಚುಚ್ಚುವ ಹಾಗೆ, ಯಾರೋ ಹೊಸದಾಗಿ ಚುಚ್ಚಿದ್ದರು. ತೂತು ಮುಚ್ಚದಂತೆ ತೂರಿಸಿದ್ದ ಬೇವಿನ ಕಡ್ಡಿಗಳು ಇನ್ನೂ ಹಸಿಯಾಗಿದ್ದವು.