ಕೈಯಾರೆ ಹಾಕಿದ ವಿಳಾಸ

ಭವ್ಯಶ್ರೀ ಆ ಪ್ರಶ್ನೆ ಕೇಳದೇ ಹೋಗಿದ್ದರೆ ಶಿವಪ್ರಕಾಶ ಅವಳ ತಂಟೆಗೇ ಹೋಗುತ್ತಿರಲಿಲ್ಲ. ಖರಾಡಿಯ ಆ ಆಫೀಸಿನಲ್ಲಿ ಅವಳು ಯಂತ್ರಭಾಗಗಳ ನಕ್ಷೆ ಬರೆಯುವ ಹುಡುಗಿ. ಅವನು ಅಲ್ಲಿನ ನೆಟ್‌ವರ್ಕಿನ ಮುಖ್ಯಸ್ಥ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೇಳಿಬಿಟ್ಟಳು.

"ಸರ್, ಮಾಂತು ಸರ್ ನಕ್ಷೆ ಕದ್ದು ಕಳಿಸಿದ್ರು ಅಂತಾರಲ್ಲ, ಅವರ ಕಂಪ್ಯೂಟರಿನ ವಿಳಾಸ ಬೇರೆ ಯಾರಾದ್ರೂ ಹಾಕಿಕೊಳ್ಳಲಿಕ್ಕೆ ಆಗುದಿಲ್ವಾ?"

"ಹಂಗೆಲ್ಲಾ ಆಗೂದಿಲ್ಲ," ಎಂದ ಶಿವಪ್ರಕಾಶ. "ಅದು ತಾನಾಗೇ ಬರ್ತದ."

ಅರ್ಧ ಸತ್ಯ. ಕಂಪ್ಯೂಟರ್ ಹಚ್ಚಿದೊಡನೆ ಸರ್ವರ್ ಅದಕ್ಕೊಂದು ಐಪಿ ವಿಳಾಸ, ನೆಟ್‌ವರ್ಕಿನಲ್ಲಿ ಅದರ ಗುರುತಿನ ಅಂಕಿ, ಕೊಡುತ್ತಿತ್ತು. ಯಾರಿಗೆ ಯಾವುದು ಎಂಬುದನ್ನು ಅವನೇ ಗೊತ್ತು ಮಾಡಿಟ್ಟಿದ್ದ. ಹೊರಗೆ ಹೋದ ಮೇಲ್ ಯಾರದೆಂದು ಹುಡುಕಿದರೆ ಸಿಗುವುದು ಆ ವಿಳಾಸ ಮಾತ್ರ. ಆದರೆ ಸರ್ವರ್ ಕೊಟ್ಟದ್ದನ್ನು ಬಿಟ್ಟು ಮತ್ತೊಬ್ಬರ ವಿಳಾಸವನ್ನು ಕೈಯಾರೆ ಹಾಕಿಕೊಂಡರೆ, ನೆಟ್‌ವರ್ಕಿನ ಕಣ್ಣಿಗೆ ನೀವು ಅವರೇ. ಹಾಗೆ ಹಾಕಲು ಬೇಕಾದ ಪಾಸ್‌ವರ್ಡ್ ಇದ್ದದ್ದು ಅವನೊಬ್ಬನ ಬಳಿ. ಎಚ್ಚರ ವಹಿಸಬೇಕಾದದ್ದು ಒಂದೇ: ಆ ಮತ್ತೊಬ್ಬರ ಕಂಪ್ಯೂಟರ್ ಆಗ ಬಂದ್ ಆಗಿರಬೇಕು, ಇಲ್ಲದಿದ್ದರೆ ಎರಡೂ ಪರದೆಗಳ ಮೇಲೆ ತಕರಾರು ಮೂಡುತ್ತದೆ.

ಮುಖ್ಯಸ್ಥನ ಜಾಗ ಜೊತೆಗೆ ಕೆಲಸ ಮಾಡುತ್ತಿದ್ದ ಮಾಂತುವಿಗೆ ಹೋಗುವುದರಲ್ಲಿತ್ತು. ಮಾಂತುವಿನ ವಿಳಾಸ ಹಾಕಿಕೊಂಡು ನಕ್ಷೆ ಹೊರಗೆ ಕಳಿಸಿ ಶಿವಪ್ರಕಾಶ ಅದನ್ನು ತಪ್ಪಿಸಿದ್ದ. ಕೆಲಸ ಹೋದ ವಾರವೇ ಮಾಂತು ಲೋಣಾವಳಾ ಲೋಕಲ್ ರೈಲಿನಿಂದ ಬಿದ್ದು ಸತ್ತ. ಜಾರಿದನೋ, ಹಾರಿದನೋ, ಯಾರಿಗೂ ಗೊತ್ತಾಗಲಿಲ್ಲ. ಹೆಣದ ಗುರುತು ಹಿಡಿಯಲು ಹೋದವನು ಶಿವಪ್ರಕಾಶನೇ. ಮಾಂತುವಿನ ತಾಯಿ ಕಾಶವ್ವ ಅವನ ಕೈ ಹಿಡಿದು, "ನೀನರ ಅವನ ಗೆಳ್ಯಾ ಇದ್ದೀಯಲ್ಲೋ ಯಪ್ಪಾ," ಎಂದು ಅತ್ತಿದ್ದಳು. ಅಂದಿನಿಂದ ಅವನಿಗೆ ಅನ್ನ ರುಚಿಸಿಲ್ಲ. ಮಾತಿಗೆ ಮುಂಚೆ ಗಂಟಲು ಸರಿ ಮಾಡಿಕೊಳ್ಳುವುದು ಮಾಂತುವಿನ ರೂಢಿ. ಆ ಸದ್ದು ಈಗಲೂ ಬೆನ್ನ ಹಿಂದೆ ಕೇಳುತ್ತಿತ್ತು. ಮಾಂತು ಕೂರುತ್ತಿದ್ದ ಕೋಣೆಗೆ ಅವನು ಕಾಲಿಡುತ್ತಿರಲಿಲ್ಲ. ಏನಾದರೂ ಕೆಟ್ಟರೆ ಕೈಕೆಳಗಿನವರನ್ನು ಕಳಿಸುತ್ತಿದ್ದ. ಈಗ ಅಲ್ಲಿ ಕೂರುತ್ತಿದ್ದವಳು ಭವ್ಯಶ್ರೀ.

ಅವಳೂ ಕಳ್ಳಿಯಾದರೆ ಅವಳ ಅನುಮಾನಕ್ಕೆ ಯಾರು ಬೆಲೆ ಕೊಡುತ್ತಾರೆ? ಅವನು ಆಯುಧಪೂಜೆಯ ದಿನವಾದ ಖಂಡೇನವಮಿಯನ್ನು ಆರಿಸಿಕೊಂಡ. ಅಂದು ಆಫೀಸಿನಲ್ಲಿ ಪೂಜೆ ಬಿಟ್ಟರೆ ಕೆಲಸವಿಲ್ಲ. ರಂಗೋಲಿ ಹಾಕಲು ಭವ್ಯಶ್ರೀ ಎಲ್ಲರಿಗಿಂತ ಮುಂಚೆ ಒಬ್ಬಳೇ ಬರುತ್ತಾಳೆ. ವಾಚ್‌ಮನ್ ನೋಡುವುದು ಅವಳೊಬ್ಬಳನ್ನೇ. ಶಿವಪ್ರಕಾಶ ಹಿಂದಿನ ಮೆಟ್ಟಿಲು ಹತ್ತಿ ಮೇಲ್ಮಹಡಿಯ ತರಬೇತಿ ಕೋಣೆಯಲ್ಲಿ ಕೂತ. ಅವಳ ಕಂಪ್ಯೂಟರನ್ನು ನೆಟ್‌ವರ್ಕಿನಲ್ಲಿ ಕರೆದು ನೋಡಿದ. ಉತ್ತರ ಬರಲಿಲ್ಲ. ಇನ್ನೂ ಹಚ್ಚಿಲ್ಲ, ಅನುಕೂಲವೇ ಆಯಿತು. ಅವಳ ವಿಳಾಸ ಹಾಕಿಕೊಂಡು, ದೊಡ್ಡ ಗಿರಾಕಿಯ ನಕ್ಷೆಗಳನ್ನು ಹೊಸದೊಂದು ಸುಳ್ಳು ಹೆಸರಿನ ಮೇಲ್‌ನಿಂದ ಎದುರಾಳಿ ಕಂಪನಿಗೆ ಕಳಿಸಿದ. ಬೆನ್ನ ಹಿಂದೆ ಯಾರೋ ಗಂಟಲು ಸರಿ ಮಾಡಿಕೊಂಡರು. ತಿರುಗಿದರೆ ಖಾಲಿ ಕುರ್ಚಿಗಳು. ಎಲ್ಲವನ್ನೂ ಮೊದಲಿನಂತೆ ಮಾಡಿ ಇಳಿದುಹೋದ.

ದಸರೆ ಕಳೆದ ಮೇಲೆ ಎದುರಾಳಿ ಕಂಪನಿಯವರೇ ಫೋನು ಮಾಡಿ ನಕ್ಷೆಗಳು ಬಂದದ್ದನ್ನು ತಿಳಿಸಿದರು. ಮಾಲೀಕ ಗುರಣ್ಣ ಇಬ್ಬರನ್ನೂ ಕರೆಸಿದರು. ಶಿವಪ್ರಕಾಶ ಮನಸ್ಸಿಲ್ಲದವನಂತೆ ಹುಡುಕಿ, ನಿಟ್ಟುಸಿರು ಬಿಟ್ಟು, "ಖಂಡೇನವಮಿ ಮುಂಜಾನೆ, ಇಕೀ ಕಂಪ್ಯೂಟರಿನಿಂದನ ಹೋಗ್ಯಾದ್ರಿ," ಎಂದ. ಭವ್ಯಶ್ರೀ ಅಳಲಿಲ್ಲ. ಗುರಣ್ಣನವರ ಮುಖ ನೋಡಿದಳು.

"ಖರೇ ಏನು?" ಎಂದರು ಗುರಣ್ಣ.

"ಖರೇರಿ. ವಿಳಾಸ ಸುಳ್ಳು ಹೇಳೂದಿಲ್ರಿ."

ಗುರಣ್ಣ ದನಿ ಏರಿಸದೆ ಹೇಳಿದರು: "ನಮ್ಮ ಮನಿತನದಾಗ ಒಂದು ಪದ್ಧತಿ ಅದನಪಾ. ವರ್ಷದಾಗ ಹೊಸಾದು ತಗೊಂಡ ಸಾಮಾನು ಖಂಡೇನವಮಿ ಹಿಂದಿನ ದಿನಾನ ಮನೀಗೆ ಒಯ್ದು ದೇವೀ ಮುಂದ ಇಡ್ತೇವಿ. ಈ ವರ್ಷ ಆಫೀಸಿಗೆ ಹೊಸಾದು ಬಂದದ್ದು ಇಕೀ ಕಂಪ್ಯೂಟರ್ ಒಂದ. ಹಿಂದಿನ ದಿನಾ ಸಂಜಿಮುಂದ ವಾಯರ್ ಬಿಚ್ಚಿ ನಾನ ಎತ್ಕೊಂಡು ಹೋಗಿದ್ದೆ. ನೀ ಆ ಕೋಣ್ಯಾಗ ಒಮ್ಮೆ ಹಣಿಕಿ ಹಾಕಿದ್ರೂ ಖಾಲಿ ಟೇಬಲ್ ಕಾಣಸ್ತಿತ್ತು. ಆವತ್ತ ಮುಂಜಾನೆ ಅದು ಮಗರಪಟ್ಟಾದಾಗ, ನಮ್ಮ ಮನ್ಯಾಗ, ಚೆಂಡುಹೂವಿನ ಮಾಲಿ ಹಾಕ್ಕೊಂಡು ಕುಂತಿತ್ತು."