ಗುಳುಗುಳು ನಿಂತ ಬಕೆಟ್

“ಭಾನಕ್ಕಾ, ನಿಂತೋಯ್ತು!”

“ಏನೋ ನಿಂತಿದ್ದು? ಸರಿಯಾಗಿ ಹೇಳು.”

ಫೋನಿನಲ್ಲಿ ನಮ್ಮ ಬಳಗದ ಹುಡುಗ ಚಿರಾಗ್. ಡೀಮೆನ್‌ನ ಫ್ಲ್ಯಾಟಿನಿಂದ ವಿಡಿಯೋ ಕರೆ. ಅವನ ಮುಖ ಕಾಣಿಸಲಿಲ್ಲ. ಕಂಡದ್ದು ಒಂದು ಹಳೆಯ ಫ್ರಿಜ್ಜು, ಅದರೊಳಗೊಂದು ಪ್ಲಾಸ್ಟಿಕ್ ಬಕೆಟ್ಟು, ಬಕೆಟ್ಟಿನ ಮುಚ್ಚಳದ ಮೇಲೆ ನೀರು ತುಂಬಿದ ಪುಟ್ಟ ಕೊಳವೆ. ಒಳಗಿನ ಬಿಯರ್ ಹುದುಗುತ್ತಿದ್ದರೆ ಆ ಕೊಳವೆಯಲ್ಲಿ ಗುಳುಗುಳು ಎಂದು ಗಾಳಿ ಬರಬೇಕು. ಬರುತ್ತಿರಲಿಲ್ಲ.

“ಎಷ್ಟು ಡಿಗ್ರಿ?” ನನ್ನ ಹೆಂಡತಿ ಭಾನುಮತಿ ಕೇಳಿದಳು.

“ಹತ್ತೊಂಬತ್ತು ಇರ್ಬೇಕು. ಇರೋದು ಹನ್ನೊಂದು! ಈಸ್ಟ್ ಮರಗಟ್ಟಿ ಹೋಗಿದೆ ಅಕ್ಕಾ. ಯಾರೋ ಬೇಕಂತ ಮಾಡ್ತಿದಾರೆ.”

“ಈಸ್ಟು ವೆಸ್ಟಿಗೆ ಬಂದು ವೇಸ್ಟಾಯ್ತು ಅನ್ನು,” ಎಂದೆ ನಾನು.

ಯಾರೂ ನಗಲಿಲ್ಲ. ನಗುವ ಹೊತ್ತೂ ಅದಾಗಿರಲಿಲ್ಲ. ಕೊರೋನಾ ಬಂದ ವರ್ಷದ ಮೇ ತಿಂಗಳು. ಚಿರಾಗನ ಕಂಪನಿ ಅವನನ್ನು ಮನೆಗೆ ಕಳಿಸಿತ್ತು. ಕೆಲಸ ಹೋದ ಪರದೇಶದವನಿಗೆ ಈ ಡಚ್ಚರ ದೇಶ ಮೂರು ತಿಂಗಳ ಗಡುವು ಕೊಡುತ್ತದೆ; ಅಷ್ಟರೊಳಗೆ ಇನ್ನೊಂದು ಕೆಲಸ ಹಿಡಿಯದಿದ್ದರೆ ಪರ್ಮಿಟ್ಟಿಗೂ ಅವನಿಗೂ ಋಣ ಹರಿದಂತೆ. ಆ ಗಡುವು ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ಆಸೆ: ದ ಹೇಗ್‌ನ ವೌಟರ್. ಸಣ್ಣ ಬಿಯರ್ ತಯಾರಕರಿಗೆ ಯಂತ್ರ ಮಾಡಿಕೊಡುವ ಆಸಾಮಿ. ಅವನು ಹೇಳಿದ್ದು ಇಷ್ಟೇ: “ಬಯೋಡೇಟಾ ನನಗೆ ಬೇಡ. ಬಿಸಿ-ತಂಪು ಕಾಯುವ ಕಂಟ್ರೋಲರ್ ಒಂದನ್ನು ನೀನೇ ಕಟ್ಟು, ಒಂದು ಬಕೆಟ್ ಬಿಯರ್ ಹುದುಗಿಸು, ತಾಪಮಾನದ ಗ್ರಾಫು ತೋರಿಸು. ಶುಕ್ರವಾರ ಮಾತಾಡೋಣ.”

ಇವತ್ತು ಬುಧವಾರ.

ಭಾನುಮತಿ ಆಗಲೇ ಸೈಕಲ್ ಕೀಲಿ ಹುಡುಕುತ್ತಿದ್ದಳು. ಯಂತ್ರಗಳನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಅವುಗಳ ತಪ್ಪು ಹಿಡಿಯುವುದೇ ಅವಳ ವೃತ್ತಿ. ಮನೆಯಲ್ಲಿ ಆ ವಿದ್ಯೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು ನಾನಿದ್ದೇನೆ.

“ಜಯಾ, ಏಳ್ತೀಯಾ? ಶುಕ್ರವಾರದೊಳಗೆ ಹಿಡೀಲೇಬೇಕು.”

ಬೈಟನ್‌ವೆಲ್ಡರ್ಟ್‌ನ ನಮ್ಮ ಮನೆಯಿಂದ ಡೀಮೆನ್‌ವರೆಗೆ ಎದುರುಗಾಳಿ. ಅವಳು ಒಮ್ಮೆಯೂ ನಿಲ್ಲಲಿಲ್ಲ.

*

ಫ್ಲ್ಯಾಟಿನಲ್ಲಿ ಮೂವರು. ಚಿರಾಗ್. ಅವನ ಜೊತೆ ಬಾಡಿಗೆ ಹಂಚಿಕೊಂಡಿದ್ದ ಧಾರವಾಡದ ಪ್ರಭುದೇವ — ಸಂಶೋಧಕ, ದೇವರು ದಿಂಡರು ಎಂದರೆ ಮೂಗು ಮುರಿಯುವವ. ಇನ್ನೊಬ್ಬರು ಪ್ರಭುದೇವನ ತಾಯಿ ಮಹಾದೇವಕ್ಕ. ಫೆಬ್ರವರಿಯಲ್ಲಿ ಮಗನನ್ನು ನೋಡಿಹೋಗಲು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು.

ಘಟನೆಯ ಸ್ಥಳ ಅಡುಗೆಮನೆಗೂ ಹಾಲ್‌ಗೂ ನಡುವಿನ ಸಾಮಾನಿನ ಕೋಣೆ. ಕಿಟಕಿಯಿಲ್ಲ. ಒಂದು ಮೂಲೆಯಲ್ಲಿ ವಾಷಿಂಗ್ ಮಶೀನು, ಹಗ್ಗದ ಮೇಲೆ ಒದ್ದೆ ಬಟ್ಟೆ, ಗಾಳಿಯೆಲ್ಲ ತೇವ. ಇನ್ನೊಂದು ಮೂಲೆಯಲ್ಲಿ ಫ್ರಿಜ್ಜು. ಪಕ್ಕದ ಶೆಲ್ಫಿನ ಮೇಲೆ, ಎದೆಯ ಎತ್ತರಕ್ಕೆ, ಚಿರಾಗ್ ಕೈಯಾರೆ ಕಟ್ಟಿದ ಕಂಟ್ರೋಲರ್ — ಬಿಳಿ ಪ್ಲಾಸ್ಟಿಕ್ ಡಬ್ಬಿ, ಮುಖದ ಮೇಲೊಂದು ಪುಟ್ಟ ಪರದೆ, ಪರದೆಯ ಕೆಳಗೆ ಎರಡು ಸ್ಕ್ರೂ.

“ಇದರ ಬುದ್ಧಿ ಎಷ್ಟು?” ಭಾನುಮತಿ ಕೇಳಿದಳು.

“ತುಂಬಾ ಸಿಂಪಲ್. ಬಕೆಟ್‌ಗೆ ಸೆನ್ಸರ್ ಅಂಟಿಸಿದೀನಿ. ಅದರ ಎರಡು ವೈರು ಈ ಎರಡು ಸ್ಕ್ರೂಗೆ ಬರುತ್ತೆ. ಹತ್ತೊಂಬತ್ತಕ್ಕಿಂತ ಬಿಸಿ ಆದ್ರೆ ಫ್ರಿಜ್ ಆನ್. ಇಳಿದ್ರೆ ಆಫ್.”

“ತೊಂದರೆ?”

“ಬೆಳಿಗ್ಗೆ ಇದ್ದಕ್ಕಿದ್ದಂಗೆ ಇಪ್ಪತ್ತಾರು ಅನ್ನುತ್ತೆ! ಬಕೆಟ್ ಮುಟ್ಟಿದ್ರೆ ತಣ್ಣಗಿರುತ್ತೆ. ಇದು ಸುಳ್ಳು ಜ್ವರ ನಂಬ್ಕೊಂಡು ಫ್ರಿಜ್ ಓಡಿಸ್ತಾನೇ ಇರುತ್ತೆ.”

“ನೀನು ನೋಡೋದು ಯಾವಾಗ?”

ಚಿರಾಗ್ ತಲೆ ಕೆರೆದುಕೊಂಡ. “ಹನ್ನೊಂದರ ಮೇಲೆ... ಕೆಲಸ ಇಲ್ಲದವನು ಬೇಗ ಎದ್ದು ಏನ್ ಮಾಡ್ಲಿ ಅಕ್ಕಾ?”

“ಸರಿ. ರಿಪೇರಿ ಏನೇನು ಮಾಡಿದೆ?”

“ಮೊದಲು ಸೆನ್ಸರ್ ಬದಲಾಯಿಸಿದೆ. ಸರಿಹೋಯ್ತು! ಮಾರನೇ ದಿನ ಮತ್ತೆ ಅದೇ. ಫ್ರಿಜ್ ಆನ್-ಆಫ್ ಮಾಡೋ ರಿಲೇ ಬದಲಾಯಿಸಿದೆ — ಸರಿಹೋಯ್ತು. ಮತ್ತೆ ಅದೇ. ಅಡಾಪ್ಟರ್ ಬದಲಾಯಿಸಿದೆ, ಸರಿಹೋಯ್ತು. ಆಮೇಲೆ ಬೋರ್ಡು—”

“ರಿಲೇ ರೇಸು,” ಎಂದೆ. “ಒಬ್ಬರಾದ ಮೇಲೆ ಒಬ್ಬರು ತಪ್ಪೊಪ್ಪಿಕೊಂಡಿದ್ದಾರೆ.”

ಭಾನುಮತಿ ನನ್ನತ್ತ ತಿರುಗಿದಳು. ಈ ಸಲ ಬೈಯಲಿಲ್ಲ. “ಅದೇ ನಂಗೂ ಅನುಮಾನ. ಏಟು ತಿನ್ನೋಕೆ ಮುಂಚೆನೇ ಎಲ್ಲರೂ ಒಪ್ಕೊಂಡ್ರೆ, ಕಳ್ಳ ಅವರಲ್ಲಿ ಯಾರೂ ಅಲ್ಲ.” ಮತ್ತೆ ಚಿರಾಗನಿಗೆ: “ಪಾರ್ಟ್ ಬಿಚ್ಚೋ ಮುಂಚೆ ಏನು ಮಾಡ್ತಿದ್ದೆ? ಒಂದೊಂದೂ ಹೇಳು.”

“ಏನಿಲ್ಲ. ಕೈಗೆ ಸ್ಯಾನಿಟೈಸರ್. ಡಬ್ಬಿಗೂ ಸ್ಯಾನಿಟೈಸರ್ ಹೊಡೆದು ಒರೆಸ್ತೀನಿ. ಈಗ ಹಾಲಿನ ಪ್ಯಾಕೆಟ್ಟೂ ಒರೆಸ್ತೀವಲ್ಲ? ಆಮೇಲೆ ಸ್ಕ್ರೂಡ್ರೈವರ್.”

“ಪ್ರತಿ ಸಲ?”

“ಪ್ರತಿ ಸಲ.”

ಅವಳು ಡಬ್ಬಿಯನ್ನೇ ದಿಟ್ಟಿಸಿದಳು. ಬಿಳಿ, ಶುಭ್ರ, ಆಸ್ಪತ್ರೆಯಂತೆ ಹೊಳೆಯುತ್ತಿತ್ತು.

“ಗ್ರಾಫು ತೋರಿಸು.”

ಲ್ಯಾಪ್‌ಟಾಪಿನಲ್ಲಿ ಗೆರೆ ಹಲ್ಲುಹಲ್ಲಾಗಿತ್ತು. ಹೋದ ವಾರ ದಿನಕ್ಕೊಂದು ಹಲ್ಲು. ಶನಿವಾರ, ಭಾನುವಾರ ಗೆರೆ ನೆಟ್ಟಗೆ. ಸೋಮವಾರದಿಂದ ಮತ್ತೆ ಹಲ್ಲು.

“ವಾಷಿಂಗ್ ಮಶೀನ್ ಯಾವಾಗ ಹಾಕ್ತೀರ?”

“ಶನಿವಾರ, ಭಾನುವಾರವೇ ಜಾಸ್ತಿ.”

“ಹಾಗಾದ್ರೆ ಅದರ ಮೇಲಿನ ಕೇಸು ಬಿಟ್ಟೆ.”

*

ಮಹಾದೇವಕ್ಕ ಹಾಲ್‌ನಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಗಲದ ವಿಭೂತಿ.

“ಅಮ್ಮಾ, ಆ ಕೋಣೆಗೆ ಹೋಗ್ತೀರಾ?”

“ಹೆಂಡದ ಖೋಲಿಗೆ? ಶಿವ ಶಿವಾ! ಹೊಸ್ತಿಲಾ ಸುದ್ದಾ ದಾಟಿಲ್ಲ ತಂಗಿ. ಅರಬಿ ಒಣಾ ಹಾಕೂದೂ ನಮ್ಮ ಪ್ರಭುನ. ಆ ಹುಡುಗಗ ಬೇಕಾದ್ರ ರೊಟ್ಟಿ ಬಡದು ಕೊಡ್ತೀನಿ. ಆದ್ರ ಆ ಡಬ್ಬಿ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ.”

“ಅದು ಕೆಟ್ಟರೆ ನಿಮಗೆ ಸಂತೋಷ ಅಲ್ವಾ?”

“ಡಬ್ಬಿ ಕೆಟ್ರ ಆಗ್ತಿತ್ತು. ಡಬ್ಬಿ ಕೂಡ ಹುಡುಗನ ನೌಕರಿನೂ ಹೋಗ್ತದಂತಲ್ಲ, ಅದಕ್ಕ ಸುಮ್ಮನದೀನಿ.”

ಚಿರಾಗ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: “ಆಂಟಿ ಅಲ್ಲದಿದ್ರೆ ಪ್ರಭುನೇ, ಜಯಣ್ಣ. ಬೆಡ್‌ರೂಮ್ ಅಮ್ಮನಿಗೆ ಬಿಟ್ಟು ಸೋಫಾ ಮೇಲೆ ಮಲಗ್ತಿದಾನೆ. ನಾನು ಖಾಲಿ ಮಾಡಿದ್ರೆ ಅವನಿಗೆ ರೂಮು.”

ಪ್ರಭುದೇವ ಹಾಲ್‌ನ ಮೂಲೆಯ ಮೇಜಿನಿಂದ ಎದ್ದು ಬಂದ. “ನನ್ನೂ ವಿಚಾರಣಾ ಮಾಡ್ರಿ. ಆ ಖೋಲಿಗೆ ಹೋಗ್ತೀನ್ರಿ, ಅರಬಿ ಅದಾವ. ಸಾಕ್ಷಿ ಇಲ್ಲದ ಮಾತು ಮಾತ್ರ ಆಡಬ್ಯಾಡ್ರಿ.”

“ಬೆಳಿಗ್ಗೆ ಎಷ್ಟೊತ್ತಿಗೆ ಕೆಲಸ ಶುರು?”

“ಒಂಬತ್ತಕ್ಕ ನಮ್ಮ ಗೈಡ್ ಕೂಡ ವಿಡಿಯೋ ಮೀಟಿಂಗ್. ಆಮ್ಯಾಲೂ ಆಗಾಗ ಕರೀತಾರ.”

ಅಷ್ಟರಲ್ಲಿ ಅವನ ಲ್ಯಾಪ್‌ಟಾಪಿನಿಂದ ಗಂಟಲಲ್ಲಿ ಗೋಧಿ ಬೀಸಿದಂಥ ಗೈಡ್‌ನ ಡಚ್ ದನಿ ಕೇಳಿತು: “ಪ್ರಾಬೂ! ಬೆನ್ ಯೆ ಎರ್?” ಇದ್ದೀಯೇನಯ್ಯ ಎಂದರ್ಥ. ಪ್ರಭುದೇವ ಓಡಿದ. ನಾನು ಆ ದನಿಯನ್ನು ಎರಡು ಸಲ ಮೆಲ್ಲಗೆ ಅಂದುಕೊಂಡು ನೋಡಿದೆ. ಇಂಥದ್ದನ್ನು ಕೇಳಿದರೆ ನನ್ನ ಗಂಟಲು ಸುಮ್ಮನಿರುವುದಿಲ್ಲ.

ಹೊರಡುವಾಗ ಭಾನುಮತಿ ಚಿರಾಗನಿಗೆ ಹೇಳಿದಳು: “ಬಕೆಟ್ಟನ್ನ ಹಾಲ್‌ಗೆ ತಂದು ಹೀಟರ್ ಪಕ್ಕ ಇಡು, ಮೆಲ್ಲಗೆ ಅಲುಗಾಡಿಸು. ಈಸ್ಟ್ ಸತ್ತಿಲ್ಲ, ಚಳಿಗೆ ಮಲಗಿದೆ. ಸೆನ್ಸರ್ ಮಾತ್ರ ಇಲ್ಲೇ ಇರಲಿ, ಡಬ್ಬಿ ಚಾಲೂ ಇರಲಿ. ನಾಳೆ ಏನೇ ಆದ್ರೂ ಡಬ್ಬಿ ಒರೆಸಬೇಡ. ಪ್ರಾಣ ಹೋದ್ರೂ!”

“ವೈರಸ್ ಬಂದ್ರೆ?”

“ಬರಲಿ. ಅದನ್ನೂ ವಿಚಾರಿಸೋಣ.”

*

ಮರುದಿನ ನಾವು ತಲುಪಿದಾಗ ಒಂಬತ್ತೂವರೆ. ಚಿರಾಗ್ ಬಾಗಿಲಲ್ಲೇ ಕಾದಿದ್ದ. “ಇಪ್ಪತ್ತಾರು ತೋರಿಸ್ತಿದೆ! ಒರೆಸಿಲ್ಲ ಅಕ್ಕಾ, ಕೈ ಕಟ್ಕೊಂಡು ನಿಂತಿದೀನಿ!”

ಭಾನುಮತಿ ಟಾರ್ಚನ್ನು ಡಬ್ಬಿಯ ಪಕ್ಕದಿಂದ ಓರೆಯಾಗಿ ಹಿಡಿದಳು. ನೇರ ಬೆಳಕಿನಲ್ಲಿ ಏನೂ ಇರಲಿಲ್ಲ. ಓರೆ ಬೆಳಕಿಗೆ ಮೂಡಿದವು — ಬಿಳಿಯ ಮೇಲೆ ಬಿಳಿ, ಒದ್ದೆಯಾಗಿ, ಅಡ್ಡಡ್ಡ ಮೂರು ಗೆರೆ! ನಡುವಿನ ಗೆರೆ ಒಂದು ಸ್ಕ್ರೂವಿನಿಂದ ಇನ್ನೊಂದರವರೆಗೆ ಹಾಯ್ದಿತ್ತು.

“ವಿಭೂತಿ!” ಚಿರಾಗ್ ಉಸಿರೆಳೆದುಕೊಂಡ. “ಅಂದ್ರೆ ಆಂಟಿನೇ—”

“ಎಲ್ಲರನ್ನೂ ಕರಿ.”

ಒಂದೂವರೆ ಮೀಟರ್ ಅಂತರ ಕಾಯ್ದುಕೊಂಡು ಎಲ್ಲರೂ ಹಾಲ್‌ನ ಗೋಡೆಗಳಿಗೆ ಅಂಟಿ ನಿಂತೆವು. ಮೀಟಿಂಗಿನಿಂದ ಎದ್ದು ಬಂದ ಪ್ರಭುದೇವನ ಮುಖ ಸಪ್ಪಗಿತ್ತು. ಮಹಾದೇವಕ್ಕನ ಮುಖ ಕೆಂಪಗಿತ್ತು.

“ನನ್ನ ಇಭೂತಿ ಆ ಡಬ್ಬಿಗೆ ಹೆಂಗ ಹೋತು? ನಾ ಹಚ್ಚಿಲ್ಲವ್ವಾ, ನನ್ನ ಲಿಂಗದಾಣೆ!”

“ಗೊತ್ತು ಅಮ್ಮಾ,” ಎಂದಳು ಭಾನುಮತಿ. “ಗ್ರಾಫು ನಿಮ್ಮ ಪರ ಸಾಕ್ಷಿ ಹೇಳಿದೆ. ಶನಿವಾರ, ಭಾನುವಾರ ಡಬ್ಬಿಗೆ ಜ್ವರ ಇಲ್ಲ. ನೀವು ವಾರಕ್ಕೆ ಎರಡು ದಿನ ಪೂಜೆ ಬಿಡ್ತೀರಾ?”

“ಬಿಡೂದಂದ್ರ? ಉಸರು ಬಿಟ್ಟಾಗ!”

“ಶಿವಪೂಜೆಗೆ ವೀಕೆಂಡ್ ಇಲ್ಲ. ವೀಕೆಂಡ್ ಇರೋದು ಆಫೀಸಿಗೆ. ಚಿರಾಗನಿಗೆ ಆಫೀಸೇ ಇಲ್ಲ.” ಅವಳು ನನ್ನತ್ತ ನೋಡಿದಳು. “ಜಯಾ, ನಿನ್ನೆ ಕಲಿತೆಯಲ್ಲ, ಆ ದನಿ. ಅನ್ನು.”

ಗಂಟಲನ್ನು ಗೋಧಿಗೆ ಸಜ್ಜು ಮಾಡಿಕೊಂಡೆ. “ಪ್ರಾಬೂ! ಬೆನ್ ಯೆ ಎರ್?”

ಪ್ರಭುದೇವ ಬೆಚ್ಚಿಬಿದ್ದ. ಅವನ ಬಲಗೈಯ ಮೂರು ಬೆರಳು ತಾವಾಗಿಯೇ ಹಣೆಗೆ ಹೋಗಿ, ಎಡದಿಂದ ಬಲಕ್ಕೆ ಒಮ್ಮೆ ಒರೆಸಿದವು. ಹಣೆಯ ಮೇಲೆ ಏನೂ ಇರಲಿಲ್ಲ.



“ನಿನ್ನೆ ನಾವು ಬಂದಾಗಲೂ ನಿಮ್ಮ ಹಣೆ ಖಾಲಿ,” ಭಾನುಮತಿ ಹೇಳಿದಳು. “ಮಗನ ಹಣೆಗೆ ವಿಭೂತಿ ಹಚ್ಚದೆ ನಾಷ್ಟಾ ಕೊಡೋ ತಾಯಿಯಲ್ಲ ಇವರು. ಹಾಗಾದ್ರೆ ನಾಷ್ಟಾಕ್ಕೂ ಮೀಟಿಂಗಿಗೂ ಮಧ್ಯೆ ಅದು ಎಲ್ಲಿಗೆ ಹೋಯ್ತು?”

ಪ್ರಭುದೇವ ಗೋಡೆಗೆ ಒರಗಿದ. “ಒಮ್ಮೆ ಗೈಡ್ ಕೇಳಿದ್ರು... ‘ಮನಿಗೆ ಬಣ್ಣ ಹೊಡ್ಯಾಕತ್ತೀಯೇನು?’ ಅಂತ. ಎಲ್ಲಾರೂ ನಕ್ರು. ಅವತ್ತಿಂದ ಮೀಟಿಂಗ್ ಮುಂಚೆ ಬೆರಳು ಒದ್ದಿ ಮಾಡ್ಕೊಂಡು ಒರಿಸ್ತೀನ್ರಿ. ಟಾವೆಲಿಗೆ ಒರಿಸಿದ್ರ ಅವ್ವಗ ಗೊತ್ತಾಗ್ತದ. ಬಚ್ಚಲಕ್ಕ ಬಿಡಬಾರದು, ಕಸದ ಬುಟ್ಟಿಗೆ ಒಗೀಬಾರದು.”

“ದೇವರ ಮ್ಯಾಲ ನಂಬಿಕಿ ಇಲ್ಲಂತಿ, ಬಚ್ಚಲಕ್ಕ ಯಾಕ ಬಿಡಬಾರದೋ?” ಎಂದರು ಮಹಾದೇವಕ್ಕ.

“ನಂಬಿಕಿ ಇಲ್ಲವ್ವಾ. ಅಂಜಿಕಿ ಅದ.” ಅವನು ನೆಲ ನೋಡಿದ. “ಖೋಲ್ಯಾಗ ಡಬ್ಬಿ ಕಂಡಿತು. ಅದೂ ಬಿಳೇದು, ಇದೂ ಬಿಳೇದು. ಹಚ್ಚಿದ್ರ ಯಾರಿಗೂ ಕಾಣೂದಿಲ್ಲ, ಚಿರಾಗಂದೂ ಛಲೋ ಆದೀತು ಅಂತ...”

“ಛಲೋ ಆಯ್ತು ಗುರುವೇ!” ಚಿರಾಗ್ ಕೂಗಿದ. “ನನ್ನ ಬಿಯರ್‌ಗೆ ಬೂದಿ ಬಳಿದುಬಿಟ್ಯಲ್ಲೋ!”

“ಕೂಗಬೇಡ, ಇನ್ನೂ ಮುಗಿದಿಲ್ಲ,” ಎಂದಳು ಭಾನುಮತಿ. “ಒಣ ವಿಭೂತಿ ಸುಮ್ಮನಿರುತ್ತೆ. ಒದ್ದೆ ಬೂದಿ, ಅದರ ಜೊತೆ ಹಣೆಯ ಬೆವರಿನ ಉಪ್ಪು — ಕರೆಂಟಿಗೆ ಕಳ್ಳದಾರಿ. ಎರಡು ಸ್ಕ್ರೂ ಮಧ್ಯೆ ಕರೆಂಟು ಆ ದಾರಿ ಹಿಡಿದ ಕೂಡಲೇ ಬಕೆಟ್ ಬಿಸಿಯಾಯ್ತು ಅಂತ ಡಬ್ಬಿ ಅಂದ್ಕೊಳ್ಳುತ್ತೆ. ಆ ಕೋಣೆಯ ತೇವದಲ್ಲಿ ಬೇಗ ಒಣಗೋದೂ ಇಲ್ಲ. ನೀನು ಹನ್ನೊಂದಕ್ಕೆ ಎದ್ದು ಬಂದು ಸ್ಯಾನಿಟೈಸರ್‌ನಲ್ಲಿ ಒರೆಸ್ತೀಯ. ಆ ಕ್ಷಣಕ್ಕೆ ಕಾಯಿಲೆ ವಾಸಿ. ಆಮೇಲೆ ಪಾರ್ಟ್ ಬದಲಾಯಿಸಿ, ವಾಸಿ ಮಾಡಿದ್ದು ಪಾರ್ಟು ಅಂತ ಬೆನ್ನು ತಟ್ಕೋತೀಯ.”

“ಅಂದ್ರೆ ಅಪರಾಧಿ ಪ್ರಭು.”

“ಕೈ ಪ್ರಭುದು. ಆದ್ರೆ ಬರೀ ಮೈಯ ಸ್ಕ್ರೂ ಎರಡನ್ನ ಹೊರಗೆ ಬಿಟ್ಟಿದ್ದು ಯಾರು? ಯಾಕೆ ಸರಿಹೋಯ್ತು ಅಂತ ಕೇಳದೆ ಮುಂದೆ ಹೋಗಿದ್ದು ಯಾರು? ಮುಖ್ಯ ಅಪರಾಧಿ ನೀನೇ ಚಿರಾಗ್.”



ಮಹಾದೇವಕ್ಕ ಮಗನನ್ನೇ ನೋಡುತ್ತಿದ್ದರು. “ಬ್ಯಾಡಾಗಿದ್ರ ಬ್ಯಾಡನ್ನಬೇಕಪ್ಪಾ. ನಾ ಏನು ಬೆನ್ನ ಹತ್ತಿ ಬಡೀತಿದ್ನೇನು?”

“ಹಂಗಾರ... ಆಫೀಸಿನ ದಿನ ಬ್ಯಾಡವ್ವಾ.”

“ಐತವಾರ?”

“ಐತವಾರ ಹಚ್ಚು.”

*

ಶುಕ್ರವಾರ ಬೆಳಿಗ್ಗೆ ಬಕೆಟ್ಟು ಒಮ್ಮೆ ಗುಳುಕ್ ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ. ಆದರೆ ಗ್ರಾಫಿನ ಹಲ್ಲುಗಳು ಇದ್ದಲ್ಲೇ ಇದ್ದವು.

“ಅಕ್ಕಾ, ಈ ಹಲ್ಲು ಅಳಿಸಿಬಿಡ್ಲಾ? ಎರಡು ನಿಮಿಷದ ಕೆಲಸ. ಹೀಗೇ ತೋರಿಸಿದ್ರೆ ಊರಿಗೆ ಟಿಕೆಟ್ ಬುಕ್ ಮಾಡೋದೊಂದೇ ಬಾಕಿ.”

“ಅಳಿಸು. ಆಮೇಲೆ ನನ್ನ ಮುಖ ನೋಡಬೇಡ.”

ಅವನು ಅಳಿಸಲಿಲ್ಲ. ಕರೆಯಲ್ಲಿ ವೌಟರ್ ಬಂದ — ನೀಲಿ ಅಂಗಿ, ಹಿಂದೆ ಉಕ್ಕಿನ ದೊಡ್ಡ ಹಂಡೆಗಳು. ಗ್ರಾಫನ್ನು ನೋಡಿ ಹುಬ್ಬು ಗಂಟಿಕ್ಕಿದ.

“ಇವೇನು?”

ಚಿರಾಗ್ ನೀರು ಕುಡಿದು, ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಮೂರು ಗೆರೆ, ಸ್ಯಾನಿಟೈಸರ್, ಸುಮ್ಮನೆ ಬದಲಾಯಿಸಿದ ಪಾರ್ಟುಗಳು. ಗೆಳೆಯನ ಹೆಸರು ಎತ್ತಲಿಲ್ಲ. “ಸ್ಕ್ರೂ ಮುಚ್ಚದೆ ಬಿಟ್ಟಿದ್ದು ನನ್ನ ತಪ್ಪು. ಯಾರೂ ಒದ್ದೆ ಕೈಯಲ್ಲಿ ಮುಟ್ಟಲ್ಲ ಅಂದುಕೊಂಡಿದ್ದೆ,” ಎಂದು ನಿಲ್ಲಿಸಿದ.

ವೌಟರ್ ಮತ್ತೆ ಗ್ರಾಫಿನತ್ತ ಬಗ್ಗಿದ. ಸೋಫಾದ ಹಿಂದೆ ಮಹಾದೇವಕ್ಕನ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು.

ಆಮೇಲೆ ಅವನು ಫೋನನ್ನು ಕೈಗೆತ್ತಿಕೊಂಡು ನಡೆದ. ಹಂಡೆಗಳು ಓಲಾಡಿದವು, ಬೆಳಿಗ್ಗೆ ತೊಳೆದ ನೀರು ಇನ್ನೂ ನಿಂತಿದ್ದ ನೆಲ ಹಾದುಹೋಯಿತು. ಕೊನೆಗೆ ಒಂದು ಯಂತ್ರದ ಮುಂದೆ ಕ್ಯಾಮೆರಾ ನಿಂತಿತು. ಹೊಸದು. ದುಬಾರಿಯದು. ಅದರ ಮುಖದ ಮೇಲೆ ಸಾಲಾಗಿ ಹನ್ನೆರಡು ಸ್ಕ್ರೂ ಬೆತ್ತಲೆ ಹೊಳೆಯುತ್ತಿದ್ದವು.

“ಇದು ನನ್ನ ವಿನ್ಯಾಸ,” ಎಂದ ವೌಟರ್. “ಬೆಳಿಗ್ಗೆ ಹೊತ್ತು ಸುಳ್ಳು ಹೇಳುತ್ತದೆ ಅಂತ ಗಿರಾಕಿಗಳು ವಾಪಸ್ ಕಳಿಸುತ್ತಿದ್ದಾರೆ. ನಾನು ಸೆನ್ಸರ್ ಬದಲಾಯಿಸುತ್ತಲೇ ಇದ್ದೇನೆ.” ಒಂದು ಕ್ಷಣ ತಡೆದ. “ಪರ್ಮಿಟ್ಟಿನ ಕಾಗದಗಳನ್ನು ಇವತ್ತೇ ಕಳಿಸುತ್ತೇನೆ. ಸೋಮವಾರ ಎಷ್ಟು ಗಂಟೆಗೆ ಬರುತ್ತೀಯ?”

“ಎಂಟಕ್ಕೆ!” ಎಂದ, ಹನ್ನೊಂದಕ್ಕೆ ಏಳುವ ಚಿರಾಗ್.