ಹೆಸರು ಕೇಳದ ನೀರುನಾಯಿ

ಏಳು ಹೊಳೆಗಳು ಒಂದಾಗಿ ಹರಿಯುವ ಕಡೆ ತೊರೆನಾಡು ಎಂಬ ರಾಜ್ಯವಿತ್ತು. ಯಾವ ಕಾಲದ ಮಾತು ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಆಗ ಮಾಂತ್ರಿಕರು ಹಾಡಹಗಲೇ ಓಡಾಡುತ್ತಿದ್ದರು, ಕಲ್ಲಿನ ಹುಲಿಗಳಿಗೂ ಹಸಿವಾಗುತ್ತಿತ್ತು ಎಂಬುದಷ್ಟೇ ಗೊತ್ತು. ಆ ರಾಜ್ಯದ ಹೊಳೆದಂಡೆಯಲ್ಲಿ ಮಾಳವ್ವ, ಅವಳ ಗಂಡ ಬೀರಪ್ಪ, ಅತ್ತೆ ಕಾಳವ್ವ ವಾಸವಾಗಿದ್ದರು. ಬಿದಿರು ಹೆಣೆದು, ತೊಗಲು ಹೊದಿಸಿ, ಬುಟ್ಟಿಯಂಥ ಹರಿಗೋಲು ಮಾಡಿ ಜನರನ್ನು ದಾಟಿಸುವುದು ಅವರ ಕಸುಬು.

ಆ ಮನೆಯಲ್ಲಿ ಮುಳುಗ ಎಂಬ ನೀರುನಾಯಿಯೂ ಇದ್ದ. ಮಾಳವ್ವ ಮದುವೆಯಾಗಿ ಬಂದ ವರ್ಷ ಬಲೆಗೆ ಸಿಕ್ಕಿದ್ದ ಮರಿ. ಕಣ್ಣು ಬಿಡದ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಅವಳೇ ಬದುಕಿಸಿದ್ದಳು. ಆರು ವರ್ಷ ಮಕ್ಕಳಾಗದ ಮನೆಯಲ್ಲಿ ಅವನೇ ಕೂಸು. ಹೊಳೆಯಿಂದ ಎದ್ದು ಬಂದವನು ನೇರ ಅವಳ ಮಡಿಲಿಗೇ ಹತ್ತುತ್ತಿದ್ದ; ಒದ್ದೆ ಸೀರೆಯಲ್ಲೇ ಅವಳು ರೊಟ್ಟಿ ತಟ್ಟುತ್ತಿದ್ದಳು.

ಏಳನೆಯ ವರ್ಷ ಹೆಣ್ಣು ಮಗು ಹುಟ್ಟಿತು. ತೊರೆನಾಡಿನಲ್ಲಿ ಒಂದು ಪದ್ಧತಿ ಇತ್ತು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಹೆಸರನ್ನು ಮೊದಲು ಮನೆಯ ಪ್ರಾಣಿಯ ಕಿವಿಯಲ್ಲಿ ಹೇಳಬೇಕು, ಆಮೇಲೆ ಸೋದರತ್ತೆಯ ಬಾಯಿಂದ ಊರಿಗೆ. ಹೆಸರು ಕೇಳಿದ ಪ್ರಾಣಿ ಆ ಮನೆಯದು. ಕೇಳದ್ದು ಯಾರದೂ ಅಲ್ಲ. ಆದರೆ ಆ ದಿನ ಮುಳುಗ ಮೀನಿನ ವಾಸನೆ ಹೊತ್ತು, ನೀರು ಸುರಿಸುತ್ತಾ ಬಂದಿದ್ದ. ಕೂಸಿಗೆ ಶೀತವಾದೀತು ಎಂದು ಕಾಳವ್ವ ಗಾಬರಿಯಾದಳು. ಮಾಳವ್ವ ಅವನನ್ನು ಹೊರಗೆ ಹಾಕಿ ಅಗುಳಿ ಎಳೆದಳು. ಮೈ ಒಣಗಿದ ಮೇಲೆ ನಾಳೆ ಹೇಳಿದರಾಯಿತು ಎಂದುಕೊಂಡಳು. ಬಾಣಂತಿಗೆ ನಾಳೆ ಎಂಬುದು ಎಲ್ಲಿರುತ್ತದೆ ಹೇಳಿ.

ಮರುದಿನದಿಂದಲೇ ಮಗು ಪದುಮಿಗೆ ನಿದ್ದೆ ಹಾರಿಹೋಯಿತು. ರೆಪ್ಪೆ ಮುಚ್ಚಿದರೆ ಒಂದು ಕಾಗೆ ಕೂಗುವಷ್ಟು ಹೊತ್ತು, ಮತ್ತೆ ಅಳು. ದೃಷ್ಟಿ ತೆಗೆದರು, ಬಜೆ ತೇದು ನೆಕ್ಕಿಸಿದರು, ಹೊಟ್ಟೆಗೆ ಹರಳೆಣ್ಣೆ ಸವರಿದರು. ಬೀರಪ್ಪ ತೂಕಡಿಸುತ್ತಾ ಹುಟ್ಟು ಹಾಕಿ ಎರಡು ಸಲ ಜನರನ್ನು ಹೊರಟ ದಡಕ್ಕೇ ವಾಪಸು ತಂದಿಳಿಸಿದ. ಮಾಳವ್ವ ಕೂತು ಉಂಡದ್ದು ಯಾವಾಗಲೋ ಅವಳಿಗೇ ಮರೆತುಹೋಗಿತ್ತು. ಮೂರು ತಿಂಗಳಿಗೆ ಮಗುವಿನ ಕೆನ್ನೆ ಇಳಿದು, ತೋಳಿನ ಮೂಳೆ ಕೈಗೆ ಸಿಗತೊಡಗಿತು.

ಒಂದು ಬೆಳಿಗ್ಗೆ ಹೊಸ್ತಿಲಾಚೆ ಇರುವೆಗಳ ಸಾಲು ಕಂಡು ಮಾಳವ್ವ ಬಗ್ಗಿ ನೋಡಿದಳು. ಮುಳುಗನಿಗೆಂದು ಇಟ್ಟ ಮೀನಿನ ತಲೆಗಳು ಒಣಗಿ ಮರದ ಚೂರಿನಂತಾಗಿದ್ದವು. ಅವನನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಗಂಡನನ್ನು ಕೇಳಿದಳು, ಅತ್ತೆಯನ್ನು ಕೇಳಿದಳು. ಯಾರಿಗೂ ನೆನಪಾಗಲಿಲ್ಲ. ಅಗುಳಿ ಎಳೆದ ತನ್ನ ಕೈ ಅವಳಿಗೆ ನೆನಪಾಯಿತು.

ಆಗ ಕಾಳವ್ವ ಬಾಯಿ ಬಿಟ್ಟಳು. ಏಳು ಸುಳಿಗಳ ಆಚೆ ಸುರುಳಿಗಡ್ಡದ ಮಾಂತ್ರಿಕನೊಬ್ಬನಿದ್ದಾನೆ, ಮುನ್ನೂರು ವರ್ಷದಿಂದ ಅವನಿಗೆ ಸ್ವಂತ ನಿದ್ದೆ ಇಲ್ಲ, ಹೆಸರು ಕೇಳದ ಪ್ರಾಣಿಗಳನ್ನು ಎಳೆದೊಯ್ದು ಅವುಗಳ ಬೆನ್ನಿಗೆ ಆ ಮನೆಯ ಕೂಸಿನ ನಿದ್ದೆಯನ್ನೂ ಕದಿಯುತ್ತಾನೆ, ಬಿಡಿಸಿಕೊಂಡು ಬರಲು ಸಾಕಿದವರೇ ಹೋಗಬೇಕು ಎಂದಳು. ಬೀರಪ್ಪ ತಾನೇ ಹೋಗುತ್ತೇನೆಂದು ಎದ್ದ. ಸಾಕಿದ್ದು ನಾನು, ಹಾಲು ಕೊಡಬೇಕಾದವಳೂ ನಾನು ಎಂದು ಮಾಳವ್ವ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹರಿಗೋಲು ಹತ್ತಿದಳು.

ಮೊದಲು ಏಳು ಸುಳಿಗಳು ಎದುರಾದವು. ದೋಣಿಯನ್ನು ನೆಟ್ಟಗೆ ನಡೆಸಲು ಹೋದ ಶೂರರೆಲ್ಲ ಅಲ್ಲೇ ತಳ ಸೇರಿದ್ದರು. ಆದರೆ ಹರಿಗೋಲು ಹುಟ್ಟಿದ್ದೇ ತಿರುಗುವುದಕ್ಕೆ. ಮಾಳವ್ವ ಸುಳಿಯ ಜೊತೆ ಜಗಳಕ್ಕೆ ಹೋಗಲಿಲ್ಲ. ಅದು ತಿರುಗಿಸಿದಷ್ಟು ತಿರುಗಿ, ಅಂಚಿಗೆ ಬಂದಾಗ ಹುಟ್ಟಿನಿಂದ ಒಂದೇ ಒಂದು ಹೊಡೆತ ಕೊಟ್ಟು ಮುಂದಿನ ಸುಳಿಗೆ ಜಿಗಿದಳು. ಹೀಗೆ ಏಳನ್ನೂ ದಾಟಿದಳು. ಅಷ್ಟು ಹೊತ್ತು ಮಾತ್ರ ಪದುಮಿ ಅಳಲಿಲ್ಲ.

ಎರಡನೆಯದು ಮಾಂತ್ರಿಕನ ಕೋಟೆ ಬಾಗಿಲಿನ ಕಲ್ಲುಹುಲಿ. ಸದ್ದು ಮಾಡಿದವರನ್ನು ನುಂಗುವುದು ಅದರ ಕೆಲಸ. ಮಾಳವ್ವ ಉಸಿರು ಬಿಗಿಹಿಡಿದು ತುದಿಗಾಲಲ್ಲಿ ನಡೆದಳು. ಬೆನ್ನ ಮೇಲಿನ ಕೂಸಿಗೆ ಅದೆಲ್ಲ ಏನು ಗೊತ್ತು. ಕೋಟೆ ಅದುರುವಂತೆ ಕಿರುಚಿತು. ಹುಲಿ ಬಾಯಿ ತೆರೆದು ಎದ್ದಿತು. ಮೂರು ತಿಂಗಳ ಸುಸ್ತಿನಲ್ಲಿ ಮಾಳವ್ವನಿಗೆ ಹೆದರುವುದಕ್ಕೂ ತ್ರಾಣವಿರಲಿಲ್ಲ.

"ತಿನ್ನೋದಾದ್ರೆ ತಿನ್ನು," ಎಂದಳು. "ಆದ್ರೆ ನಾನು ಹೋದ್ಮೇಲೆ ಇವಳನ್ನ ನೀನೇ ಸಮಾಧಾನ ಮಾಡ್ಬೇಕು."

ಹುಲಿ ಬಾಯಿ ತೆರೆದೇ ಆ ಅಳುವನ್ನು ಕೇಳಿತು. ಇನ್ನೂ ಸ್ವಲ್ಪ ಕೇಳಿತು. ಆಮೇಲೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದು, ಎರಡು ಪಂಜಗಳಿಂದ ಕಿವಿ ಮುಚ್ಚಿಕೊಂಡಿತು.

ಒಳಗೆ ಮಾಂತ್ರಿಕ ಉಯ್ಯಾಲೆ ಮಂಚದ ಮೇಲೆ ಆಕಳಿಸುತ್ತಾ ಬಿದ್ದಿದ್ದ. ಅಂಗಳದ ತುಂಬ ನೂರು ನೀರುನಾಯಿಗಳು ಸಾಲಾಗಿ ನಿಂತು ಆ ಉಯ್ಯಾಲೆಯ ಹಗ್ಗ ಜಗ್ಗುತ್ತಿದ್ದವು. ಎಲ್ಲವೂ ಒಂದೇ ಅಚ್ಚು. ಒಂದನ್ನು ಮುಟ್ಟು, ನಿನ್ನದಾಗಿದ್ದರೆ ಒಯ್ಯಿ, ತಪ್ಪಿದರೆ ನೀನೂ ನಿನ್ನ ಕೂಸೂ ಇಲ್ಲೇ ಹಗ್ಗ ಹಿಡಿಯಬೇಕು ಎಂದ ಮಾಂತ್ರಿಕ.

ಮಾಳವ್ವ ಸಾಲಿನ ಉದ್ದಕ್ಕೂ ನಡೆದಳು. ಹಿಂದಕ್ಕೆ ಬಂದಳು. ಮತ್ತೆ ನಡೆದಳು. ಆರು ವರ್ಷ ಮಡಿಲಲ್ಲಿ ಮಲಗಿದವನನ್ನು ಗುರುತಿಸಲಾಗದೆ ಅವಳಿಗೆ ಅಳು ಬಂತು. ನಾಚಿಕೆಯೂ ಆಯಿತು. ಕೊನೆಗೆ ಅವಳು ಯಾವುದನ್ನೂ ಮುಟ್ಟದೆ, ಮೊದಲನೆಯ ಪ್ರಾಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದಳು.

"ನಮ್ಮ ಮಗು ಹೆಸರು ಪದುಮಿ."

ಅದು ಮೈ ಕೊಡವಿ ಕಂದು ಬಣ್ಣದ ಮೇಕೆಯಾಗಿ ಹಗ್ಗ ಬಿಟ್ಟಿತು. ಎರಡನೆಯದಕ್ಕೆ ಹೇಳಿದಳು, ಗಿಳಿಯಾಗಿ ಹಾರಿತು. ಮೂರನೆಯದು ಕುಂಟು ನಾಯಿ. ಮಾಂತ್ರಿಕ ಮೊದಲು ನಕ್ಕ. ಹತ್ತಾಗುವಾಗ ಎದ್ದು ಕೂತ. ಹೆಸರು ಕೇಳಿದ ಪ್ರಾಣಿ ಆ ಮನೆಯದು ಎಂಬ ಪದ್ಧತಿಯನ್ನು ಅವನೂ ಮುರಿಯುವಂತಿರಲಿಲ್ಲ. ಅದರ ಮೇಲೆಯೇ ಅವನ ಮಾಯೆ ನಿಂತಿತ್ತು. ಐವತ್ತಕ್ಕೆ ಉಯ್ಯಾಲೆ ನಿಂತುಹೋಯಿತು. ತೊಂಬತ್ತಕ್ಕೆ ಗೋಡೆಗಳು ಮರಳಾಗಿ ಉದುರಿದವು. ಮಾಂತ್ರಿಕ ಬಿಟ್ಟ ಕಣ್ಣು ಬಿಟ್ಟಂತೆಯೇ ಕಾಡಿನ ಕಡೆ ಓಡಿದ. ಆಮೇಲೆ ಅವನನ್ನು ಕಂಡವರಿಲ್ಲ.

ನೂರನೆಯದು ಮಾತ್ರ ಹೆಸರು ಕೇಳಿದ ಮೇಲೂ ನೀರುನಾಯಿಯಾಗಿಯೇ ಉಳಿಯಿತು. ಮುಳುಗನೇ. ಆದರೆ ಮಾಂತ್ರಿಕನ ಅಂಗಳದಲ್ಲಿ ಪ್ರಾಣಿಗಳಿಗೆ ಒಂದು ದಿನವೆಂದರೆ ಒಂದು ತಿಂಗಳು; ಅಲ್ಲಿರುವವರೆಗೆ ಮುಪ್ಪು ಬಂದರೂ ಸಾವು ಬರುತ್ತಿರಲಿಲ್ಲ. ಅವನ ಮೂತಿ ಬೆಳ್ಳಗಾಗಿತ್ತು, ಹಿಂಗಾಲು ಎಳೆಯುತ್ತಿತ್ತು. ಅವನು ಮಾಳವ್ವನ ಕೈಯನ್ನು ಮೂಸಲಿಲ್ಲ. ಬೆನ್ನಿನಿಂದ ಇಳಿಬಿದ್ದಿದ್ದ ಪದುಮಿಯ ಪಾದವನ್ನು ತುಂಬ ಹೊತ್ತು ಮೂಸಿದ. ಕೂಸು ಅಲ್ಲೇ ಕತ್ತು ವಾಲಿಸಿ ನಿದ್ದೆ ಹೋಯಿತು.

ಮಾಯೆ ಕಳೆದ ಮೇಲೆ ಸುಳಿಗಳೂ ಅಡಗಿ, ಪ್ರಾಣಿಗಳೆಲ್ಲ ಮಾಳವ್ವನ ಹಿಂದೆ ಹೊಳೆದಂಡೆಗೆ ಬಂದವು. ತೊರೆನಾಡಿನ ಜನ ನಾಚಿಕೊಳ್ಳುತ್ತಾ ಒಬ್ಬೊಬ್ಬರಾಗಿ ಬಂದು, ತಮ್ಮ ಪ್ರಾಣಿಯ ಕಿವಿಯಲ್ಲಿ ತಮ್ಮ ಮಕ್ಕಳ ಹೆಸರು ಹೇಳಿ ಕರೆದೊಯ್ದರು. ಆ ಮಕ್ಕಳಲ್ಲಿ ಕೆಲವರಿಗೆ ಮೀಸೆ ಬಂದಿತ್ತು. ಅರಮನೆಯ ಆನೆಯೂ ಅಲ್ಲಿತ್ತು; ರಾಜ ಏಣಿ ಹಾಕಿಸಿಕೊಂಡು ಹತ್ತಿ ಯುವರಾಜನ ಹೆಸರು ಹೇಳಿದ. ರಾಜ್ಯದ ಕೂಸುಗಳೆಲ್ಲ ನಿದ್ದೆ ಮಾಡಿದವು, ಅಪ್ಪ ಅಮ್ಮಂದಿರೂ ಮಾಡಿದರು.

ಮುಳುಗ ತೊಟ್ಟಿಲ ಕೆಳಗೆ ಹದಿನೈದು ದಿನ ಮಲಗಿದ್ದ. ಅವನ ಉಸಿರಿನ ಸದ್ದಿಗೆ ಪದುಮಿ ಮಲಗುತ್ತಿದ್ದಳು. ಕೆನ್ನೆ ತುಂಬಿಬಂತು. ಹದಿನಾರನೆಯ ದಿನ ಬಿಸಿಲೇರುವ ಹೊತ್ತಿಗೆ ಆ ಸದ್ದು ನಿಂತಿತು. ಬೀರಪ್ಪ ಅವನನ್ನು ದಂಡೆಯಲ್ಲಿ ಮಣ್ಣು ಮಾಡಿ ಬಂದ. ಮಾಳವ್ವ ಒಲೆಯ ಮುಂದೆ ಒಣ ಸೀರೆಯಲ್ಲಿ ರೊಟ್ಟಿ ತಟ್ಟಿದಳು.

ಮಧ್ಯಾಹ್ನ ಮಗು ಎಚ್ಚೆತ್ತು, ತೊಟ್ಟಿಲಲ್ಲಿ ಕತ್ತು ಹೊರಳಿಸಿ, ಕೆಳಗಿನ ಉಸಿರಿನ ಸದ್ದು ಕೇಳದೆ ಅಳತೊಡಗಿತು. ಮತ್ತೆ ಶುರುವಾಯಿತಲ್ಲ ಎಂದು ಕಾಳವ್ವ ಓಡಿಬಂದಳು. ಗಿಲಕಿ ಅಲ್ಲಾಡಿಸಿದಳು, ಬಜೆ ತೇಯಲು ಎದ್ದಳು. ಮಾಳವ್ವ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು.

"ಅಳಲಿ ಬಿಡಿ ಅತ್ತೆ," ಎಂದಳು. "ಹೋದವನು ಅವಳಿಗೂ ಬೇಕಾದವನು."

ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು, ಸಮಾಧಾನ ಮಾಡದೆ, ತಾನೂ ಅತ್ತಳು. ಎಷ್ಟು ಹೊತ್ತೋ. ಅತ್ತು ಅತ್ತು ಪದುಮಿ ತಾಯಿಯ ಕತ್ತಿನಲ್ಲಿ ಮುಖ ಹುದುಗಿಸಿ ನಿದ್ದೆ ಹೋದಳು. ಅಂದಿನಿಂದ ಅವಳ ನಿದ್ದೆಯನ್ನು ಯಾರೂ ಕದಿಯಲಿಲ್ಲ. ಹೊಳೆದಂಡೆಯ ಆ ಮನೆಯವರು ಉಂಡುಟ್ಟು ನೂರು ಕಾಲ ಸುಖವಾಗಿದ್ದರು, ಮುಳುಗನನ್ನು ನೆನೆದಾಗಲೆಲ್ಲ ಒಂದಿಷ್ಟು ಅತ್ತರು.